ಶಾಲಿನೊಳಗಿನ ಕೈ

ಕುಂಬ್ರದ ಝುಲೈಖಾಳ ಮುಖಕ್ಕೆ ಐವತ್ತೆಂಟು, ಕೈಗೆ ಎಪ್ಪತ್ತೆಂಟು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಪಾಪ. ಆರು ವರ್ಷ ಊರಿನ ಮುಖ ನೋಡದ ಗಂಡ ಸಾಹುಲ್ ಹಮೀದ್ ದಮ್ಮಾಮಿನ ಬೇಕರಿ ಬಿಟ್ಟು ಕಾಯಂ ಆಗಿ ಬರುವವನಿದ್ದ. ವಿಡಿಯೋ ಕಾಲಿನಲ್ಲಿ ಮುಖವನ್ನಷ್ಟೇ ತೋರಿಸಿ, ಕೈಗಳನ್ನು ಶಾಲಿನೊಳಗೆ ಅಡಗಿಸಿ ಸಂಸಾರ ನಡೆಸಿದವಳು ಇವಳು. ಮದುವೆಯಾದ ಹೊಸತರಲ್ಲಿ ಅವನು, "ನಿನ್ನ ಕೈ ಎಂತ ಚಂದ ಮಾರಾಯ್ತಿ" ಅಂದಿದ್ದನಲ್ಲ, ಆ ಮಾತೇ ಈಗ ನಿದ್ದೆಗೆಡಿಸಿತ್ತು.

ಮಗಳು ನಶೀದಾಳನ್ನು ಎಳೆದುಕೊಂಡು ಹೋಗಿ ಪುತ್ತೂರಿನ ಚರ್ಮದ ಡಾಕ್ಟರ ಮುಂದೆ ಕೈ ಚಾಚಿದಳು.

"ಸೂಜಿಯಲ್ಲಿ ಜೆಲ್ ತುಂಬಿಸ್ಬಹುದು. ಕೊಯ್ಲಿಕ್ಕಿಲ್ಲ, ಆದ್ರೆ ಒಂದು ವರ್ಷದಲ್ಲಿ ಕರಗಿ ಹೋಗ್ತದೆ," ಎಂದರು ಡಾಕ್ಟರು. "ಇಲ್ಲದಿದ್ರೆ ಆಪರೇಷನ್. ಹೊಟ್ಟೆಯ ಕೊಬ್ಬು ತೆಗ್ದು ಕೈಗೆ ಹಾಕುದು. ಹೆಚ್ಚು ಸಮಯ ಬರ್ತದೆ, ಆದ್ರೆ ಕೆಲವು ವಾರ ಕೈ ಊದಿಕೊಂಡಿರ್ತದೆ."

(ಹೊಟ್ಟೆಯಲ್ಲಿ ದಾಸ್ತಾನು ಧಾರಾಳ ಇತ್ತು. ಆ ದಿನದ ಏಕೈಕ ಶುಭವಾರ್ತೆ ಅದು.)

"ಅವರು ಬರುದು ಶುಕ್ರವಾರ ಡಾಕ್ಟ್ರೆ. ಅದರೊಳಗೆ ಆಗುದು ಎಂತ ಉಂಟು?"

"ಗ್ಲೌಸ್ ಉಂಟು ಉಮ್ಮಾ," ಎಂದಳು ನಶೀದಾ.

ಕೊನೆಗೆ ಸೂಜಿಯೂ ಬೇಡ, ಕತ್ತಿಯೂ ಬೇಡ ಎಂದು ಝುಲೈಖಾ ಮದರಂಗಿಗೆ ಶರಣಾದಳು. ಶುಕ್ರವಾರ ಮಧ್ಯಾಹ್ನ ನಶೀದಾ ಉಬ್ಬಿದ ನರವೊಂದೂ ಕಾಣದಂತೆ ಎರಡೂ ಕೈಗಳಿಗೆ ಹೂಬಳ್ಳಿ ಬಿಡಿಸಿದಳು. ಮದುಮಗಳಿಗೂ ಅಷ್ಟು ಹಚ್ಚುವುದಿಲ್ಲ. ಅದು ಒಣಗಲೆಂದು ಝುಲೈಖಾ ಸಿಕ್ಕಿಬಿದ್ದ ಕಳ್ಳನ ಹಾಗೆ ಕೈ ಎತ್ತಿ ಕುಳಿತಿದ್ದಾಗ, ಸಂಜೆ ಬರುತ್ತೇನೆಂದಿದ್ದ ಗಂಡ ಅಂಗಳದಲ್ಲಿ ಕಾರಿನಿಂದ ಇಳಿದೇಬಿಟ್ಟ.

ಅವನ ಬಲಗೈ ಜೇಬಿನೊಳಗಿತ್ತು. ಮಾತಾಡುವಾಗಲೂ ಅದು ಹೊರಗೆ ಬರಲಿಲ್ಲ.

"ಎಂತ ಅಡಗಿಸಿದ್ದು? ತೆಗೀರಿ ನೋಡುವ," ಎಂದಳು ಝುಲೈಖಾ.

ತೆಗೆದ. ಮೂರೇ ಬೆರಳು.

"ಹಿಟ್ಟು ಕಲಸುವ ಮೆಷಿನ್. ನಾಲ್ಕು ವರ್ಷ ಆಯ್ತು. ನೀನು ಹೆದರ್ತಿ ಅಂತ ಫೋನಿನಲ್ಲಿ ಮುಖ ಮಾತ್ರ ತೋರಿಸಿದ್ದು."

ನಾಲ್ಕು ವರ್ಷ! ತನ್ನ ಕೈ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ, ಅವನ ಕೈ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ಝುಲೈಖಾ ತನ್ನನ್ನೇ ಬೈದುಕೊಂಡಳು. ಕಣ್ಣೀರು ಇಳಿಯಿತು, ಒರೆಸಿಕೊಳ್ಳುವಂತಿರಲಿಲ್ಲ. ಅವನೇ ಆ ಮೂರು ಬೆರಳಲ್ಲಿ ಒರೆಸಿದ.

"ಉಮ್ಮಾ, ಮುಟ್ಬೇಡ, ಹಸಿ ಉಂಟು!" ಎಂದು ನಶೀದಾ ಕೂಗುತ್ತಿದ್ದಂತೆ ಅವಳು ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಸಂಜೆಯವರೆಗೂ ಬಿಡಲಿಲ್ಲ.

ಮರುದಿನ ನೋಡಿದರೆ ಅವಳ ಹೂಬಳ್ಳಿಯೆಲ್ಲ ಕಲಸಿಹೋಗಿ, ನರಗಳು ಮೊದಲಿನಂತೆಯೇ ಎದ್ದು ಕಾಣುತ್ತಿದ್ದವು. ಬಣ್ಣ ಚೆನ್ನಾಗಿ ಹಿಡಿದದ್ದು ಅವನ ಮೂರು ಬೆರಳಿಗೆ. ಮಾತಾಡಿಸಲು ಬಂದ ನೆಂಟರೆಲ್ಲ ಆ ಕೆಂಪು ಕೈಯನ್ನೇ ನೋಡಿದರು, ಕೆಲವರು ಅತ್ತರು. ಝುಲೈಖಾ ಅವರಿಗೆಲ್ಲ ಚಹಾ ಕೊಟ್ಟಳು. ಅವಳ ಕೈಯನ್ನು ಯಾರೂ ನೋಡಲಿಲ್ಲ.