ಸಂತೆ ಊರಿನ ಆಚೆಗೊಂದು ಮನೆ

ಬಾಲು ಮಾಡಿದ ತಪ್ಪು ಇಷ್ಟೇ: ಶನಿವಾರ ಬೆಳಿಗ್ಗೆ ಕೊಂಬಿನಿ ಎಂಬ ಅಂಗಡಿಗೆ ಜೆರಾಕ್ಸ್ ಮಾಡಲು ಹೋದವನು ಜೆರಾಕ್ಸ್ ಪ್ರತಿಗಳನ್ನೆಲ್ಲ ಜೋಪಾನವಾಗಿ ತಂದ, ಮೂಲಪ್ರತಿಯನ್ನು ಮಷೀನಿನ ಗಾಜಿನ ಮೇಲೇ ಬಿಟ್ಟುಬಂದ. ಅನ್ನದುಂಡೆಯಿಂದ ಛತ್ರಿಯವರೆಗೆ ಎಲ್ಲ ಸಿಗುವ ಆ ಮೂಲೆಯಂಗಡಿಗೆ ಅವನ ಹಿಂದೆ ಬಂದವರು ಯಾರಾದರೂ ಜಪಾನೀಯರಾಗಿದ್ದರೆ, ಹಾಳೆಯನ್ನು ಓದದೆ ಕೌಂಟರಿನಲ್ಲಿ ಕೊಟ್ಟು, ತಲೆಬಾಗಿ ಹೋಗುತ್ತಿದ್ದರು. ಬಂದವರು ಐದನೇ ಮಹಡಿಯ ಚಂದ್ರಮೋಹನ್.

ಅವರು ಓದಿದರು. ಎರಡು ಸಲ ಓದಿದರು. ಕೌಂಟರಿನಲ್ಲಿ ಪೆನ್ನು ಕೇಳಿ ಪಡೆದು ಮೂರು ಕಡೆ ತಿದ್ದಿದರು. ಆಮೇಲೆ ನೇರ ಮೂರನೇ ಮಹಡಿಗೆ ಬಂದು ಬಾಲುವಿನ ಮನೆಯ ಕಾಲಿಂಗ್ ಬೆಲ್ ಒತ್ತಿದರು.

ಬಾಗಿಲು ತೆರೆದವಳು ಬಾಲುವಿನ ಹೆಂಡತಿ ಕೋಕಿಲಾ. ಹಾಳೆ ಬರೆದವಳೂ ಅವಳೇ.

"ಕೋಕಿಲಾ ಅವ್ರೇ, ಇಂಗ್ಲೆಂಡಿಗೆ ಹೊರಟಿದೀರಂತೆ! ಸಂತೋಷ," ಎಂದರು ಚಂದ್ರಮೋಹನ್, ಮಾಸ್ಕನ್ನು ಗಲ್ಲಕ್ಕಿಳಿಸಿ. "ಆದ್ರೆ ಇದೇನಿದು, 'ನಾವು ಶಾಂತಸ್ವಭಾವದವರು, ನಮ್ಮನೆಗೆ ಬರೋವ್ರು ಹೋಗೋವ್ರು ಯಾರೂ ಇಲ್ಲ' ಅಂತ ಬರ್ದಿದೀರಾ? ನಾವಿಲ್ವಾ? ಅದನ್ನ ಹೊಡೆದುಹಾಕಿದೀನಿ."

ಕೋಕಿಲಾಗೆ ಲಿಫ್ಟಿನಲ್ಲಿ ಒಮ್ಮೆಲೇ ಹತ್ತು ಮಹಡಿ ಕೆಳಗಿಳಿದಂತಾಯಿತು.

ಈ ಹಾಳೆಗೆ ಹದಿನಾಲ್ಕು ತಿಂಗಳ ಹಿನ್ನೆಲೆಯಿತ್ತು. ಕೊರೊನಾ ಬಂದಾಗಿನಿಂದ ಕೋಕಿಲಾ ಟೋಕಿಯೋ ಪಕ್ಕದ ಇಚಿಕಾವಾದ ಆ ಪುಟ್ಟ ಫ್ಲಾಟಿನ ಊಟದ ಮೇಜಿನ ಮೇಲೆ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಳು. ಆ ಕಟ್ಟಡದಲ್ಲಿ ಏಳು ಕನ್ನಡದ ಮನೆಗಳು. ಊರಿಗೆ ಹೋಗುವಂತಿಲ್ಲ, ಆಫೀಸಿಗೆ ಹೋಗುವಂತಿಲ್ಲ, ಆದ್ದರಿಂದ ಎಲ್ಲರೂ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರು. ಕರಿಬೇವಿಗೆ ಬಂದವರು ಕಾಫಿ ಕುಡಿದು, ಕಾಫಿಗೆ ಬಂದವರು ಮೀಟಿಂಗ್ ಕೇಳಿಸಿಕೊಂಡು, "ನಿಮ್ ಮ್ಯಾನೇಜರ್ ದನಿ ಸರಿಯಿಲ್ಲ, ಥೈರಾಯ್ಡ್ ಟೆಸ್ಟ್ ಮಾಡಿಸ್ಕೊಳ್ಳೋಕೆ ಹೇಳಿ" ಎಂದು ಸಲಹೆ ಕೊಟ್ಟು ಹೋಗುತ್ತಿದ್ದರು. ಎಲ್ಲರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಜಗಳವಾಡಿ ಬಾಗಿಲು ಹಾಕಿಕೊಳ್ಳಬಹುದಿತ್ತು.

ಹೀಗಿರುವಾಗ ಕಂಪನಿ ಅವಳನ್ನು ಇಂಗ್ಲೆಂಡಿಗೆ ವರ್ಗ ಮಾಡುತ್ತೇನೆಂದಿತು. ಥಾರ್ನ್‌ಬ್ರಿಜ್ ಎಂಬುದು ಊರು. ಗುರುವಾರ ಗುರುವಾರ ಸಂತೆ, ಸುತ್ತ ಹಸಿರು, ಹಸಿರಿನ ನಡುವೆ ಚದುರಿದ ಹಳ್ಳಿಗಳು. ಅವುಗಳಲ್ಲೊಂದು ಲಿಟ್ಲ್ ವಿಕಮ್. ಅಲ್ಲಿ ಕಲ್ಲಿನ ಗೋಡೆಯ ಮನೆಯೊಂದು ಬಾಡಿಗೆಗಿತ್ತು. ಫೋಟೋದಲ್ಲಿ ಮನೆಯ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ದೂರದಲ್ಲಿ ಒಂದು ಕುರಿ ಇತ್ತು, ಅದೂ ಬೆನ್ನು ತಿರುಗಿಸಿ ನಿಂತಿತ್ತು. ಕೋಕಿಲಾ ಆ ಕುರಿಗೆ ಮನಸೋತಳು.

ಆದರೆ ಆ ವರ್ಷ ಲಂಡನ್ನಿನವರೆಲ್ಲ ಪೇಟೆ ಬಿಟ್ಟು ಹಳ್ಳಿಗೆ ಓಡುತ್ತಿದ್ದರು. ಈಗಾಗಲೇ ಎರಡು ಮನೆ ಕೈತಪ್ಪಿದ್ದವು. ಸೋಮವಾರದೊಳಗೆ ಅಲ್ಲಿನ ವಿಳಾಸ ಕೊಡದಿದ್ದರೆ ವರ್ಗಾವಣೆ ಬೇರೆಯವರ ಪಾಲು ಎಂದು ಕಂಪನಿ ಬರೆದಿತ್ತು. ಮನೆಯೊಡತಿ ಮಿಸೆಸ್ ಹಾರ್ಟ್ಲಿ ಎಲ್ಲರಿಂದ ಪರಿಚಯದ ಹಾಳೆ ತರಿಸಿಕೊಂಡು, ಹನ್ನೊಂದು ಕುಟುಂಬಗಳನ್ನು ವೀಡಿಯೋದಲ್ಲಿ ನೋಡಿ ಆರಿಸುವವರಿದ್ದರು. ಕೊನೆಯ ಸರದಿ ಕೋಕಿಲಾಳದು, ಅದೇ ಶನಿವಾರ ಸಂಜೆ ಆರಕ್ಕೆ. ಇಂಗ್ಲೆಂಡಿನಲ್ಲಿ ಆಗ ಬೆಳಿಗ್ಗೆ ಹತ್ತು.

"ಯಾರ್ಗೂ ಹೇಳ್ಬೇಡಿ ಚಂದ್ರಮೋಹನ್," ಎಂದು ಬೇಡಿಕೊಂಡಳು.

"ಛೆ, ಛೆ!" ಎಂದರು ಅವರು, ಫೋನ್ ತೆಗೆಯುತ್ತ.

ಮಧ್ಯಾಹ್ನದ ಹೊತ್ತಿಗೆ ಏಳೂ ಮನೆಗಳಿಗೆ ಸುದ್ದಿ ಮುಟ್ಟಿತ್ತು. ಚಂದ್ರಮೋಹನ್ ಹೆಂಡತಿ ತಾರಾ ಪುಳಿಯೋಗರೆ ಡಬ್ಬಿಯೊಂದಿಗೆ ಬಂದವಳು ವೀಡಿಯೋ ಮಾತುಕತೆಯ ಹೊತ್ತು ಕೇಳಿ ಕೆನ್ನೆಗೆ ಕೈಯಿಟ್ಟಳು.

"ಅಯ್ಯೋ ಕೋಕಿಲಾ, ಶನಿವಾರ ಬೆಳಿಗ್ಗೆ ಹತ್ತು ಅಂದ್ರೆ ರಾಹುಕಾಲ ಕಣೇ!"

"ನಮಗೆ ಸಂಜೆ ಆರು, ತಾರಾ."

"ನಮಗೆ ಸಂಜೆ. ಮನೆ ಇರೋದೆಲ್ಲಿ? ಅಲ್ಲಿ. ಅಲ್ಲಿ ರಾಹುಕಾಲ. ಅರ್ಧ ಗಂಟೆ ಮುಂದಕ್ಕೆ ಹಾಕು ಅಂತ ಆ ಅಜ್ಜಿಗೆ ಹೇಳು."

"ನಾನು ಇಚಿಕಾವಾದಲ್ಲಿ ಕೂತು ಮಾತಾಡ್ತೀನಿ. ನನಗೆ ಇಲ್ಲಿನ ರಾಹು ಸಾಕು," ಎಂದಳು ಕೋಕಿಲಾ. ಅವಳ ದವಡೆ ಬಿಗಿಯಿತು. ಬಾಲುವಿಗೆ ಆ ದವಡೆಯ ಪರಿಚಯವಿತ್ತು. ಅವನು ಸದ್ದಿಲ್ಲದೆ ಪುಳಿಯೋಗರೆ ಬಡಿಸಿಕೊಂಡ.

ನಾಲ್ಕಕ್ಕೆ ಎರಡನೇ ಮಹಡಿಯವರು ಬಂದು, ಸಂತೆ ಊರು ಎಂದರೆ ನಮ್ಮ ಗುಬ್ಬಿಯ ಹಾಗೋ ತಿಪಟೂರಿನ ಹಾಗೋ ಎಂದು ವಿಚಾರಿಸಿದರು. ನಾಲ್ಕೂವರೆಗೆ ಇನ್ನೊಬ್ಬರು, ಟೋಕಿಯೋ ಪಕ್ಕ ಬಿಟ್ಟು ಸಂತೆಗೆ ಹೋಗುವವರನ್ನು ಕಣ್ಣಾರೆ ನೋಡಲೆಂದೇ ಬಂದರು. ಐದಕ್ಕೆ ಚಂದ್ರಮೋಹನ್ ಸೂಜಿ ಹಿಡಿದು ಬಂದರು.

"ನಿಮ್ ವೈಫೈ ಸ್ಲೋ. ಅಜ್ಜಿ ಮುಂದೆ ನಿಮ್ ಮುಖ ಅರ್ಧಕ್ಕೆ ನಿಂತ್ಹೋದ್ರೆ ಅಪಶಕುನ. ಎರಡೇ ನಿಮಿಷ."

"ಬೇಡ!" ಎಂದು ಕೋಕಿಲಾ ಕೂಗುವಷ್ಟರಲ್ಲಿ ಸೂಜಿ ರೌಟರಿನ ಹಿಂಬದಿಯ ರೀಸೆಟ್ ತೂತಿಗೆ ಹೊಕ್ಕಿತ್ತು. ಹಸಿರು ದೀಪ ಕೆಂಪಾಯಿತು. ಇಪ್ಪತ್ತು ನಿಮಿಷವಾದರೂ ಕೆಂಪಾಗಿಯೇ ಉಳಿಯಿತು.

"ಪಾಸ್‌ವರ್ಡ್ ಎಲ್ಲಿ ಬರ್ದಿಟ್ಟಿದೀರಿ?" ಎಂದರು ಚಂದ್ರಮೋಹನ್, ಸ್ವಲ್ಪ ಸಣ್ಣ ದನಿಯಲ್ಲಿ.

ಕೋಕಿಲಾ ಲ್ಯಾಪ್‌ಟಾಪ್ ಎತ್ತಿಕೊಂಡಳು, ಫೋನ್ ಜೇಬಿಗೆ ಹಾಕಿದಳು, ಇಸ್ತ್ರಿ ಮಾಡಿದ ಕೋಟು ತೊಟ್ಟಳು, ಚಪ್ಪಲಿ ಮೆಟ್ಟಿದಳು. ಕೆಳಗೆ ಸೈಕಲಿನ ಹಿಂದಿನ ಮಕ್ಕಳ ಸೀಟಿನಲ್ಲಿ ಲ್ಯಾಪ್‌ಟಾಪನ್ನು ಕೂರಿಸಿ ಬೆಲ್ಟು ಬಿಗಿದು, ಎದೋ ನದಿಯ ಕಡೆಗೆ ತುಳಿದಳು. ಸುಮ್ಮನೆ ಬಿಟ್ಟಿದ್ದರೆ ಇಂಗ್ಲೆಂಡಿನವರೆಗೂ ತುಳಿಯುವ ಹಾಗಿತ್ತು ಅವಳ ರಭಸ.

ನದಿಯ ಏರಿಯ ಮೇಲೆ ಜೂನ್ ತಿಂಗಳ ಸಂಜೆ ಬಿಸಿಲು. ಕಲ್ಲು ಬೆಂಚು, ಹಿಂದೆ ಹುಲ್ಲು, ಅದರಾಚೆ ನೀರು. ಒಬ್ಬರೂ ಇಲ್ಲ. ಫೋನಿನ ಇಂಟರ್ನೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿದಳು. ಸರಿಯಾಗಿ ಆರಕ್ಕೆ ಬೆಳ್ಳಿಗೂದಲಿನ ಮುಖವೊಂದು ಪರದೆಯ ಮೇಲೆ ಮೂಡಿತು. ಕೈಯಲ್ಲಿ ಚಹಾ ಬಟ್ಟಲು.

"ಎಷ್ಟು ಪ್ರಶಾಂತವಾದ ಜಾಗ!" ಎಂದರು ಮಿಸೆಸ್ ಹಾರ್ಟ್ಲಿ ಇಂಗ್ಲಿಷಿನಲ್ಲಿ. "ಟೋಕಿಯೋ ಬಿಟ್ಟು ನಮ್ಮ ಹಳ್ಳಿಗೆ ಯಾಕೆ ಬರ್ತೀಯಮ್ಮ? ಇಲ್ಲೇನಿದೆ?"

ಕೋಕಿಲಾ ಉರುಹೊಡೆದ ಉತ್ತರ ಮರೆತಳು. "ಹದಿನಾಲ್ಕು ತಿಂಗಳಿಂದ ನನ್ನ ಮನಸ್ಸಲ್ಲಿ ಏನಿದೆ ಅಂತ ನನಗೇ ಕೇಳಿಸಿಲ್ಲ ಮೇಡಂ," ಎಂದುಬಿಟ್ಟಳು. "ಒಂದು ದಿನ ಪೂರ್ತಿ ಯಾರ ಜೊತೆಗೂ ಮಾತಾಡದೆ ಇರಬೇಕು ಅಂತ ಆಸೆ."

ಮಿಸೆಸ್ ಹಾರ್ಟ್ಲಿ ಏನೋ ಬರೆದುಕೊಂಡರು. ಕೋಕಿಲಾಗೆ ಧೈರ್ಯ ಬಂತು.

ಅಷ್ಟರಲ್ಲಿ ಲ್ಯಾಪ್‌ಟಾಪಿನ ಹಿಂದೆ, ಏರಿಯ ಕೆಳಗಿನಿಂದ ಎಂಟು ವರ್ಷದ ಮಗಳು ಸ್ಫೂರ್ತಿಯ ದನಿ: "ಮಮ್ಮಿ, ಮಿನ್ನಾ ಕಿತಾ! ಎಲ್ರೂ ಬಂದ್ರು!"

ನಿಜವಾಗಿಯೂ ಎಲ್ಲರೂ ಬಂದಿದ್ದರು. ಹೆಂಡತಿ ಎಲ್ಲಿಗೆ ಹೋದಳೆಂದು ಕೇಳಿದ್ದಕ್ಕೆ ಸುಳ್ಳು ಹೇಳಲು ಬಾರದ ಬಾಲು ಬೆರಳು ತೋರಿಸಿದ್ದ. ಮಾಸ್ಕ್ ತೊಟ್ಟು, ಎರಡೆರಡು ಮೀಟರ್ ಬಿಟ್ಟು, ಏಳು ಸೈಕಲ್ಲುಗಳು ಮದುವೆ ದಿಬ್ಬಣದಂತೆ ನಿಂತಿದ್ದವು. ತಾರಾಳ ಕೈಯಲ್ಲಿ ದೃಷ್ಟಿ ತೆಗೆಯುವ ನಿಂಬೆಹಣ್ಣು. ಚಂದ್ರಮೋಹನ್ ಕೈಯಲ್ಲಿ ದಪ್ಪಕ್ಷರದ ಹಾಳೆಗಳು. ಕ್ಯಾಮೆರಾಗೆ ಕಾಣದಂತೆ ನಿಂತು ಒಂದೊಂದಾಗಿ ಎತ್ತಿ ಹಿಡಿಯತೊಡಗಿದರು: "ನಗಿ." "ತೋಟದ ಬಗ್ಗೆ ಕೇಳಿ." "ನೇರ ಕೂತ್ಕೊಳ್ಳಿ."

ಕೋಕಿಲಾ ಕಣ್ಣಲ್ಲೇ ಗದರಿಸಿದಳು. ಅವರು "ನಗಿ" ಹಾಳೆಯನ್ನು ಮತ್ತೆ ಎತ್ತಿದರು.

ಆಗ ನದಿಯ ಗಾಳಿ ಬೀಸಿತು. ಹಾಳೆಗಳು ಕೈಬಿಟ್ಟು ಹಾರಿ, ಬೆಂಚು ದಾಟಿ ಹಿಂದಿನ ಹುಲ್ಲಿಗೆ ಹೋದವು. ಚಂದ್ರಮೋಹನ್ ಹಾಳೆಗಳ ಹಿಂದೆ ಓಡಿದರು. ಅವರ ಹಿಂದೆ ತಾರಾ, "ರೀ, ಜಾರತ್ತೆ!" ಎನ್ನುತ್ತ. ಅವಳ ಹಿಂದೆ ಬಾಲು. ಇಷ್ಟು ಸಾಲದೆಂಬಂತೆ, ಸಂಜೆಯ ನಡಿಗೆಗೆ ಬಂದಿದ್ದ ಅದೇ ಕಟ್ಟಡದ ಒಂದನೇ ಮಹಡಿಯ ಒಗಾವಾ ಸಾನ್, ನಿವಾಸಿಗಳ ಸಂಘದ ಹಿರಿಯರು, ಗುಂಪನ್ನು ಕಂಡು ಕೋಲೆತ್ತಿದರು. "ಸುಮಿಮಾಸೆನ್! ಮಿತ್ಸು! ಮಿತ್ಸು!" ಕ್ಷಮಿಸಿ, ಗುಂಪು ಸೇರಬೇಡಿ ಎಂದು ಟೀವಿಯಲ್ಲಿ ದಿನವೂ ಕೇಳುತ್ತಿದ್ದ ಮಾತು. ಗುಂಪನ್ನು ಚದುರಿಸಲು ಅವರೂ ಗುಂಪಿನೊಳಗೆ ನುಗ್ಗಿದರು.

ಚಂದ್ರಮೋಹನ್ ಜಾರಿದರು. ಅಕ್ಕಿ ಮೂಟೆಯಂತೆ ಉರುಳಿ ಬಂದು, ಕೋಕಿಲಾಳ ಭುಜದ ಪಕ್ಕದಲ್ಲಿ, ಪರದೆಯ ಸರಿಮಧ್ಯಕ್ಕೆ ಬಂದು ನಿಂತರು. ಮೇಲೆ ನೋಡಿ, "ಹಲೋ ಮೇಡಂ, ಗುಡ್ ಮಾರ್ನಿಂಗ್," ಎಂದರು. ಒಗಾವಾ ಸಾನ್ ಪರದೆಯಲ್ಲಿ ಹಿರಿಯ ಹೆಂಗಸನ್ನು ಕಂಡು ಸೊಂಟ ಬಗ್ಗಿಸಿ ವಂದಿಸಿದರು.

"ಇವರೆಲ್ಲ ಯಾರು?" ಎಂದರು ಮಿಸೆಸ್ ಹಾರ್ಟ್ಲಿ.

ದಾರಿಹೋಕರು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಚಂದ್ರಮೋಹನ್ ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಆದರೂ ಅವರು ಕಚ್ಚಿದ ಹಲ್ಲಿನಲ್ಲೇ ನಗುತ್ತಿದ್ದರು.

"ನನ್ನ ನೆರೆಯವರು, ಮೇಡಂ," ಎಂದಳು ಕೋಕಿಲಾ. "ನಮ್ಮನೆಗೆ ಬರೋವ್ರು ಯಾರೂ ಇಲ್ಲ ಅಂತ ಬರೆದದ್ದು ಸುಳ್ಳು. ಇವರು ಬರ್ತಾರೆ. ದಿನಾ ಬರ್ತಾರೆ."

"ಹೌದಾ," ಎಂದರು ಮಿಸೆಸ್ ಹಾರ್ಟ್ಲಿ. "ಅರ್ಧ ಗಂಟೆಯಲ್ಲಿ ಹೇಳ್ತೀನಮ್ಮ." ಪರದೆ ಕಪ್ಪಾಯಿತು.

ಏರಿಯ ಮೇಲೆ ಯಾರೂ ಮಾತಾಡಲಿಲ್ಲ. ಹದಿನಾಲ್ಕು ತಿಂಗಳಿಂದ ಕೋಕಿಲಾ ಬಯಸಿದ್ದ ಮೌನ ಅದೇ. ಈಗ ಅದು ಅವಳಿಗೆ ಹಿತವಾಗಲಿಲ್ಲ.

ಕೊನೆಗೆ ತಾರಾ ನಿಂಬೆಹಣ್ಣನ್ನು ಅಂಗೈಯಲ್ಲಿ ತಿರುಗಿಸುತ್ತ ಹೇಳಿದಳು: "ನಮ್ಮಮ್ಮ ಹೋದಾಗ ಊರಿಗೆ ಹೋಗೋಕಾಗ್ಲಿಲ್ಲ. ಹನ್ನೊಂದು ದಿನವೂ ನಿಮ್ಮನೇಲಿ ಕೂತೆ. ನೀನು ಮೀಟಿಂಗ್ ಮಾಡ್ತಾನೇ ನಂಗೆ ಕಾಫಿ ಕೊಟ್ಟೆ. ಅದಕ್ಕೇ ಏನಾದ್ರೂ ಮಾಡೋಣ ಅಂತ... ಕೆಡಿಸಿಬಿಟ್ವಿ."

"ಬಿಡು ತಾರಾ," ಎಂದಳು ಕೋಕಿಲಾ, ತನ್ನ ಕರವಸ್ತ್ರವನ್ನು ಚಂದ್ರಮೋಹನ್ ಮೊಣಕಾಲಿಗೆ ಕಟ್ಟುತ್ತ. "ಈ ಮನೆ ಹೋದ್ರೆ ಹೋಗ್ಲಿ. ನಾಳೆ ಭಾನುವಾರ ಇದೆ. ಇನ್ನೂ ಹತ್ತು ಹಳ್ಳಿಗಳಿವೆ. ನಾನು ಬಿಡೋಳಲ್ಲ."

ಆಗಲೇ ಲ್ಯಾಪ್‌ಟಾಪ್ ರಿಂಗಣಿಸಿತು.

"ಮನೆ ನಿನಗೇ ಕಣಮ್ಮ," ಎಂದರು ಮಿಸೆಸ್ ಹಾರ್ಟ್ಲಿ. "ಉಳಿದ ಹತ್ತು ಮನೆಯವರೂ ಲಂಡನ್ನಿನವರು. ಎಲ್ಲರೂ ಕೇಳಿದ್ದು ಒಂದೇ, ಎತ್ತರದ ಬೇಲಿ ಹಾಕಿಸಿಕೊಡ್ತೀರಾ ಅಂತ. ನಿನ್ನ ಹಿಂದೆ ಅಷ್ಟು ಜನ ಬಿದ್ದು ಎದ್ದು ಬಂದರು ನೋಡು, ಆಗಲೇ ನಿರ್ಧಾರ ಮಾಡಿದೆ."

ನದಿಯಾಚೆಯ ಟೋಕಿಯೋಗೂ ಕೇಳಿಸುವಂತೆ ಏಳು ಮನೆಯವರು ಕೇಕೆ ಹಾಕಿದರು. ಒಗಾವಾ ಸಾನ್ ಮಿತ್ಸು ಮರೆತು ಚಪ್ಪಾಳೆ ತಟ್ಟಿದರು. ಕೋಕಿಲಾಳ ಕಣ್ಣು ತುಂಬಿತು. ಕಲ್ಲಿನ ಗೋಡೆ, ಹಸಿರು, ಬೆನ್ನು ತಿರುಗಿಸಿದ ಕುರಿ, ಎಲ್ಲವೂ ಅವಳದಾಗಿತ್ತು. ಇವರನ್ನು ಬಿಟ್ಟುಹೋಗುವುದು ಕಷ್ಟ, ಆದರೆ ಹೋಗುವುದು ಖಂಡಿತ.

"ಹೊಸ ಜಾಗ ಅಂತ ಅಂಜಬೇಡ," ಎಂದು ಮಿಸೆಸ್ ಹಾರ್ಟ್ಲಿ ಮುಂದುವರಿಸಿದರು. "ನಮ್ಮ ಲಿಟ್ಲ್ ವಿಕಮ್‌ನಲ್ಲಿ ಒಂದು ಒಳ್ಳೇ ಪದ್ಧತಿ ಇದೆ. ಇಲ್ಲಿ ಯಾರೂ ಯಾರ ಬಾಗಿಲೂ ತಟ್ಟೋದಿಲ್ಲ."

"ಯಾರೂ ತಟ್ಟೋದಿಲ್ವಾ ಮೇಡಂ?" ಕೋಕಿಲಾ ಪರದೆಯತ್ತ ಬಾಗಿದಳು.

"ಒಬ್ಬರೂ ಇಲ್ಲ. ನಿನ್ನ ಮನೆಯ ಹಿಂದಿನ ಬಾಗಿಲಿನ ಬೀಗದ ಕೈ ಒಂಬತ್ತು ಮನೆಯಲ್ಲಿದೆ. ಎಲ್ಲರೂ ನೇರ ಅಡುಗೆಮನೆಗೇ ಬಂದುಬಿಡ್ತೀವಿ. ಇಗೋ, ಎಲ್ಲರೂ ಇಲ್ಲೇ ಇದ್ದಾರೆ, ನಿನ್ನ ನೋಡಬೇಕಂತೆ."

ಅವರು ಬಟ್ಟಲು ಕೆಳಗಿಟ್ಟು ತಮ್ಮ ಲ್ಯಾಪ್‌ಟಾಪನ್ನು ಮೆಲ್ಲನೆ ಆಚೆಗೆ ತಿರುಗಿಸಿದರು. ಕಿಟಕಿಯ ಹೊರಗೆ ಅಂಗಳದ ತುಂಬ, ಎರಡೆರಡು ಮೀಟರ್ ಬಿಟ್ಟು, ಇಪ್ಪತ್ತು ಮೂವತ್ತು ಜನ ಕೈಬೀಸುತ್ತ ನಿಂತಿದ್ದರು.