ಒದೆಯುವ ಅತ್ತೆ, ಓದುವ ಸೊಸೆ

ನನ್ನ ಸೊಸೆಯ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ, ಎಲುಬು ಕಾಣುತ್ತವೆ. ಊರ ಗೌಡರೇ ಎದುರಿಗೆ ಬಂದು ನಿಲ್ಲಲಿ, ಅವಳು ನೋಡುವುದು ಅವರ ಮೀಸೆಯನ್ನಲ್ಲ, ಮೀಸೆಯ ಹಿಂದಿನ ದವಡೆಯನ್ನು! ಅದು ಎಲ್ಲಿ ಕೂಡಿಕೊಂಡಿದೆ, ಅದರ ಇಂಗ್ಲಿಷ್ ಹೆಸರೇನು ಎಂದು ಒಳಗೊಳಗೇ ಪಾಠ ನಡೆದಿರುತ್ತದೆ. ಗೌಡರು ಪಾಪ, ಹೆಣ್ಣುಮಗಳು ತಲೆ ತಗ್ಗಿಸಿ ಮರ್ಯಾದೆ ಕೊಟ್ಟಳು ಎಂದುಕೊಂಡು ಹೋಗುತ್ತಾರೆ. ಅವಳು ತಲೆ ತಗ್ಗಿಸಿದ್ದು ಅವರ ಮೊಣಕಾಲ ಚಿಪ್ಪು ನೋಡಲಿಕ್ಕೆ.

ಇಂಥವಳನ್ನು ನಾನೇ ಹುಡುಕಿ ತಂದೆ, ಯಾರನ್ನು ಬೈಯಲಿ? ಪಿಯುಸಿ ಪಾಸಾದ ಹುಡುಗಿ, ಮಾತು ಕಮ್ಮಿ ಎಂದಿದ್ದರು. ಮಾತು ಕಮ್ಮಿ ಎನ್ನುವುದು ನಿಜ. ಮದುವೆಯಾಗಿ ಆರು ವರ್ಷ ಕಳೆದು, ಒಂದು ಹೆಣ್ಣು ಕೂಸೂ ಆದಮೇಲೆ, ಒಂದು ದಿನ ಮೆಕ್ಕೆಜೋಳ ಬಿಡಿಸುತ್ತ ಕೂತವಳು, "ಅತ್ತಿ, ನಾನು ನರ್ಸಿಂಗ್ ಓದ್ತೀನ್ರಿ" ಎಂದಳು. ಕಮ್ಮಿ ಮಾತಿನವರ ಮಾತು ಹೀಗೇ. ಆರು ವರ್ಷಕ್ಕೆ ಒಂದು ಆಡುತ್ತಾರೆ, ಮನೆಯ ಜಂತಿ ಅಲುಗಬೇಕು. ನನ್ನ ಮಗ ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯಲ್ಲಿ ಚೀಲ ತೂಗುವವನು. ಓದಲಿ ಬಿಡು ಎಂದ. ಹೆಂಡತಿಗೆ ಇಲ್ಲ ಎನ್ನುವ ಎಲುಬು ಅವನಲ್ಲಿ ಹುಟ್ಟಿನಿಂದಲೇ ಇಲ್ಲ. ಇದನ್ನು ನಾನು ಯಾವ ಪುಸ್ತಕ ಓದದೆಯೂ ಹೇಳಬಲ್ಲೆ.

ನಮ್ಮೂರು ಚಿಗಟೇರಿಯಿಂದ ಬೆಳಗಿನ ಬಸ್ಸು ಹಿಡಿದು ನರ್ಸಿಂಗ್ ಕಾಲೇಜಿಗೆ ಹೊರಡುತ್ತಿದ್ದಳು. ನೀಲಿ ಹಾಕಿ ಒಗೆದ ಬಿಳಿ ಬಟ್ಟೆ, ಬಿಳಿ ಬೂಟು, ಹೆಗಲಿಗೆ ಚೀಲ. ನಾನು ಕೂಸನ್ನು ಬಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಮುಚ್ಚುವುದೇನಿದೆ? ಅತ್ತೆಗೆ ಸೊಸೆಯ ಮೇಲೆ ಹೊಟ್ಟೆಕಿಚ್ಚು ಬರಬಾರದೆಂದು ಕಾನೂನಿದೆಯೇ? ನಾನು ಓದಿದ್ದು ಮೂರನೆಯ ಕ್ಲಾಸು, ಅದೂ ಅರ್ಧ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬರೆದರೆ ಸಾಲು ಹೊಲದ ಬದುವಿನ ಹಾಗೆ ಸೊಟ್ಟಗೆ ಹೋಗುತ್ತದೆ. ಆದರೆ ಊರಲ್ಲಿ ನನಗೂ ಒಂದು ಹೆಸರಿತ್ತು. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆಕಿಚ್ಚಿನ ತೂಕ ನಿಮಗೆ ತಿಳಿಯುವುದಿಲ್ಲ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಲೋಕವೆಲ್ಲ ತಲೆ ಮುಂದೆ ಮಾಡಿ ಬಂದರೆ ನಾನು ಕಾಲು ಮುಂದೆ ಮಾಡಿ ಬಂದೆ. ಅಂಥವರು ಒದ್ದರೆ ಹಿಡಿದುಕೊಂಡ ಟೊಂಕ ಬಿಡುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು, ಗೋಡೆ ಹಿಡಿದು, ಬೆನ್ನು ಕೊಟ್ಟು ನಿಲ್ಲಬೇಕು. ಎಡಗಾಲಿನಿಂದ ಮೂರು ಒದೆ. ನಲವತ್ತು ವರ್ಷ ಒದ್ದಿದ್ದೇನೆ! ಚೀಲ ಹೊತ್ತವರನ್ನು, ಬಾವಿ ಸೇದಿದವರನ್ನು, ಶಾಲೆಯ ಮೇಷ್ಟ್ರನ್ನು, ಒಮ್ಮೆ ಪೊಲೀಸಪ್ಪನನ್ನೂ! ಪೊಲೀಸರನ್ನು ಒದ್ದು, ಅವರಿಂದಲೇ ಕೈ ಮುಗಿಸಿಕೊಂಡವರು ಇನ್ನೊಬ್ಬರಿದ್ದರೆ ತೋರಿಸಿ. ಊರವರು ನನ್ನನ್ನು ಒದಿಯಮ್ಮ ಎಂದೇ ಕರೆಯುತ್ತಿದ್ದರು. ಕಾಲ ಹೆಬ್ಬೆರಳು ಇಟ್ಟ ಕೂಡಲೇ ನನಗೆ ತಿಳಿಯುತ್ತದೆ. ಹಿಡಿದ ಬೆನ್ನು ಒಣಗಿದ ಕಟ್ಟಿಗೆಯ ಹಾಗಿರುತ್ತದೆ, ಹಿಡಿಯದ ಬೆನ್ನು ನಾದಿದ ಹಿಟ್ಟಿನ ಹಾಗೆ. ಕೆಲಸಕ್ಕೆ ಹೋಗಲು ಮೈಗಳ್ಳತನ ಮಾಡಿ, ಟೊಂಕ ಹಿಡಿದಿದೆ ಎಂದು ನರಳುತ್ತ ಬರುವ ಸುಳ್ಳರನ್ನು ಹೆಬ್ಬೆರಳಲ್ಲೇ ಹಿಡಿಯುತ್ತಿದ್ದೆ. ಅವರಿಗೆ ನಾಲ್ಕನೆಯ ಒದೆ ಬೇರೆ ಇರುತ್ತಿತ್ತು, ಅದು ಜೋರಾಗಿ.

ನನ್ನದು ಒದೆ, ಅವಳದು ಓದು. ಬರೆಯುವಾಗ ಮೊದಲ ಅಕ್ಷರಕ್ಕೆ ಒಂದು ದೀರ್ಘ ಹೆಚ್ಚು, ಅಷ್ಟೇ. ಊರು ಮಾತ್ರ ಆ ದೀರ್ಘಕ್ಕೇ ಕೈ ಮುಗಿಯುತ್ತದೆ!

ಅವಳ ಓದಿನ ಕಥೆ ಕೇಳಿ. ಕಾಲೇಜಿನಲ್ಲಿ ಎಲುಬಿನ ಗೂಡು ಒಂದೇ ಇತ್ತಂತೆ, ಗಾಜಿನ ಬೀರುವಿನಲ್ಲಿ. (ಸತ್ತವರ ಎಲುಬಿಗೆ ಗಾಜಿನ ಬೀರು, ಬದುಕಿದ ನನ್ನ ಎಲುಬಿಗೆ ಈಚಲ ಚಾಪೆ!) ಹದಿನೆಂಟರ ಹುಡುಗಿಯರು ಅದನ್ನು ಮುತ್ತಿಕೊಂಡರೆ, ಇಪ್ಪತ್ತೊಂಬತ್ತರ ಇವಳಿಗೆ ಹಿಂದೆ ನಿಂತು ಅವರ ಜಡೆಗಳನ್ನು ನೋಡುವುದಷ್ಟೇ ಸಿಕ್ಕಿತು. ಮನೆಗೆ ಬಂದು ಗಂಡನನ್ನು ಮಲಗಿಸಿದಳು. ಪಕ್ಕೆಲುಬು ಎಣಿಸಲು ಬೆರಳಿಟ್ಟರೆ ಅವನು ಕಚಗುಳಿ ತಾಳದೆ ನಗುತ್ತ ಹೊರಗೆ ಓಡಿದ. ಆಮೇಲೆ ನನ್ನನ್ನು ನೋಡಿದಳು. ಸಂತೆಯಲ್ಲಿ ಕುರಿ ಕೊಳ್ಳುವವರು ಹಾಗೆ ನೋಡುತ್ತಾರೆ.

"ಅತ್ತಿ, ನಿಮ್ಮ ಎಲುಬು ಭಾಳ ಚೊಲೋ ಕಾಣ್ತಾವ್ರಿ."

ಮದುವೆಯಾಗಿ ಈ ಮನೆಗೆ ಬಂದಮೇಲೆ ನನ್ನ ರೂಪವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು! ನನ್ನ ಗಂಡ, ಈಗ ಸ್ವರ್ಗದಲ್ಲಿದ್ದಾನೆ, ನಿನ್ನ ಮೂಗು ಪರವಾಗಿಲ್ಲ ಎಂದು ಕೂಡ ಹೇಳಿದವನಲ್ಲ. ಮರುಳಾಗಿ ಮಲಗಿಬಿಟ್ಟೆ.

ಅವತ್ತಿನಿಂದ ಸಂಜೆ ಅವಳು ಬಸ್ಸಿಳಿದರೆ ಸಾಕು, ನಾನು ಚಾಪೆಯ ಮೇಲೆ, ಅವಳು ಪುಸ್ತಕ ಹಿಡಿದು ಪಕ್ಕದಲ್ಲಿ. ಬಾಲ್‌ಪೆನ್ನಿನಿಂದ ನನ್ನ ತೋಳಿನ ಮೇಲೆ ಎಲುಬಿನ ಹೆಸರು ಬರೆಯುವಳು. ನನಗೂ ಓದಲು ಬರಲಿ ಎಂದು ಕನ್ನಡ ಅಕ್ಷರದಲ್ಲಿ: ಹ್ಯೂಮರಸ್, ರೇಡಿಯಸ್, ಅಲ್ನಾ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಾಗ ಪಕ್ಕದ ಹೆಂಗಸು, ಹಚ್ಚೆ ಹಾಕಿಸಿದ್ದೀಯಲ್ಲ, ಯಾವ ದೇವರ ಹೆಸರು ಎಂದು ಕೇಳಿದಳು. ಮೊಣಕೈ ದೇವರು ಎಂದೆ. ಅವಳು ನನ್ನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕೂಸಿಗೂ ಈ ಹುಚ್ಚು ಹತ್ತಿತು. ನಾಲ್ಕು ವರ್ಷದ್ದು, ಅಂಗಳದಲ್ಲಿ ಎಡವಿ ಬಿದ್ದು, ಪಟೆಲ್ಲಾಗೆ ಗಾಯ ಆತು ಎಂದು ಬೊಬ್ಬೆ ಹೊಡೆಯಿತು. ಮೊಣಕಾಲ ಚಿಪ್ಪಿಗೆ ಅವರ ಪುಸ್ತಕದಲ್ಲಿ ಆ ಹೆಸರು. ಪಟೇಲರಿಗೇ ಏನೋ ಆಯಿತೆಂದು ಅರ್ಧ ಓಣಿ ಓಡಿ ಬಂತು!

ಗುಡೇಕೋಟೆಯಿಂದ ನನ್ನ ಅಣ್ಣ ಬಂದಾಗ ಬಾಡೂಟ ಮಾಡಿಸಿದ್ದೆ. ಅವನ ತಟ್ಟೆಗೆ ಕುರಿಯ ತೊಡೆಯ ತುಂಡು ಬಿತ್ತು. ಸಾರು ಬಡಿಸುತ್ತಿದ್ದ ಸೊಸೆ ಹಾಗೇ ನಿಂತಳು. "ಮಾವ, ಅದನ್ನ ಒಂಚೂರು ತಿರುಗಿಸ್ರಿ" ಎಂದಳು. ಅವನು ತಿರುಗಿಸಿದ. ಈ ಗುಂಡಗಿರುವುದು ತೊಡೆ ಎಲುಬಿನ ತಲೆ, ಬಟ್ಟಲಲ್ಲಿ ಇಟ್ಟ ಹಾಗೆ ಟೊಂಕದಲ್ಲಿ ಕೂತಿರುತ್ತದೆ, ನಿಮ್ಮದೂ ಹೀಗೇ ಇದೆ, ಇದಕ್ಕಿಂತ ದೊಡ್ಡದು ಎಂದು ಅಕ್ಕರೆಯಿಂದ ವಿವರಿಸಿದಳು. ಅಣ್ಣ ತನ್ನ ತೊಡೆ ಮುಟ್ಟಿಕೊಂಡ. ತಟ್ಟೆ ನೋಡಿದ. ಅಂದಿನಿಂದ ನಮ್ಮ ಮನೆಗೆ ಬಂದರೆ ಹುರುಳಿಕಾಳಿನ ಸಾರು ಮಾತ್ರ ಉಣ್ಣುತ್ತಾನೆ.

ಇದನ್ನೆಲ್ಲ ತಡೆದುಕೊಂಡೆ. ಆದರೆ ನನ್ನ ಕಾಲಿಗೇ ಅಡ್ಡ ಬಂದಳಲ್ಲ!

ಒಂದು ಭಾನುವಾರ ಬೆಳಿಗ್ಗೆ ಮಗನ ಮಂಡಿಯ ಹಮಾಲನೊಬ್ಬ ಬಿಲ್ಲಿನ ಹಾಗೆ ಬಾಗಿ ಬಂದ. ಗೋಡೆ ಹಿಡಿದು ನಿಂತ. ನಾನು ಸೆರಗು ಸಿಕ್ಕಿಸಿ ಎಡಗಾಲು ಎತ್ತಿದೆ. ಹಿಂದಿನಿಂದ ಯಾರೋ ನನ್ನ ಕಾಲಿನ ಹರಡು ಹಿಡಿದರು. "ತಡೀರಿ ಅತ್ತಿ." ನನ್ನ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ವಿಚಾರಿಸತೊಡಗಿದಳು. ಕಾಲು ಜುಮ್ಮೆನ್ನುತ್ತದೆಯೇ, ಬೆರಳವರೆಗೂ ಇಳಿಯುತ್ತದೆಯೇ, ಎಂದಿನಿಂದ? ನಾನು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದೇನೆ, ಇವರಿಬ್ಬರ ಮಾತುಕತೆ ಮುಗಿಯುವುದಿಲ್ಲ! ಚಪ್ಪಲಿ ಕಳಚಿ ಬಿದ್ದರೂ ಕಾಲಿಗೆ ತಿಳಿಯುತ್ತಿಲ್ಲ ಎಂದು ಅವನು ಹೇಳಿದ. "ಇವನ್ನ ಒದಿಬ್ಯಾಡ್ರಿ. ಮೊದ್ಲು ದವಾಖಾನಿಗೆ ಹೋಗಲಿ" ಎಂದು ತೀರ್ಪು ಕೊಟ್ಟು ಆಮೇಲೆ ನನ್ನ ಕಾಲನ್ನು ನೆಲಕ್ಕೆ ಇಟ್ಟಳು. ಅಲ್ಲಿಯ ಡಾಕ್ಟರು, ಈ ಬೆನ್ನಿಗೆ ಒಂದು ಏಟು ಬಿದ್ದಿದ್ದರೆ ನಿನ್ನ ಕಾಲೇ ಹೋಗುತ್ತಿತ್ತು ಎಂದರಂತೆ. ಕೆಲವು ವಾರದ ಮೇಲೆ ಅವನು ನೆಟ್ಟಗೆ ನಡೆದು ಬಂದ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಯಾರಿಗೆ ಕೊಟ್ಟ ಹೇಳಿ? ಸೊಸೆಗೆ! ಒದೆಯದೆ ಬಿಟ್ಟವಳು ನಾನು, ಹಣ್ಣು ಅವಳಿಗೆ!

ಅಲ್ಲಿಂದ ನನ್ನ ಬಾಗಿಲಿಗೆ ಬಂದವರೆಲ್ಲ "ನರ್ಸಮ್ಮ ಅದಾರೇನ್ರಿ?" ಎಂದು ಕೇಳತೊಡಗಿದರು. ಒದಿಯಮ್ಮ ಇದ್ದಾಳೆ ಎಂದರೆ, ಸಂಜೆ ಬರುತ್ತೇವೆ ಎಂದು ಹೋಗುತ್ತಿದ್ದರು. ಇನ್ನೂ ಮೊದಲ ವರ್ಷವೇ ಮುಗಿಯದವಳು ನರ್ಸಮ್ಮ! ನಲವತ್ತು ವರ್ಷದ ನನ್ನ ಎಡಗಾಲು ಮೂಲೆ ಸೇರಿತು.

ಹಾಗಿರುವಾಗ ಮೊದಲ ವರ್ಷದ ರಿಸಲ್ಟ್ ಬಂತು. ಉಳಿದದ್ದೆಲ್ಲ ಪಾಸು, ಅನಾಟಮಿ ಫೇಲು. ಅನಾಟಮಿ ಎಂದರೆ ಇದೇ ಎಲುಬು, ನರ, ಮಾಂಸದ ಪಾಠ. ಸುಳ್ಳು ಹೇಳುವುದಿಲ್ಲ, ಅವತ್ತು ನಾನು ಒಂದು ರೊಟ್ಟಿ ಹೆಚ್ಚು ತಿಂದೆ. ಬಡಿದವಳು ಅವಳೇ. ತನಗೆಂದು ಒಂದೂ ತೆಗೆದಿಟ್ಟುಕೊಳ್ಳದೆ ಒಲೆ ಆರಿಸಿದಳು.

"ಇನ್ನೊಂದ್ಸಲ ಬರೀತೀನ್ರಿ. ಆಗಲಿಲ್ಲಂದ್ರ ಬಿಟ್ಟು ಹೊಲಕ್ಕ ಬರ್ತೀನಿ."

ನಾನು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಇನ್ನೊಂದು ಸಲ ಫೇಲಾದರೆ ಬೆಳಗಿನ ರೊಟ್ಟಿ ಅವಳ ಪಾಲಿಗೆ, ಬಾಗಿಲಿಗೆ ಬಂದವರು ನನ್ನ ಪಾಲಿಗೆ. ಒದಿಯಮ್ಮ ಮತ್ತೆ ಒದಿಯಮ್ಮ. ಎಷ್ಟು ಚೆಂದ!

ಆದರೆ ಚಾಪೆಯ ಮೇಲೆ ಮಲಗಿ ಕೇಳುತ್ತಿದ್ದರೆ ತಾಳಲಾಗಲಿಲ್ಲ. ಭಯಕ್ಕೆ ಎಲ್ಲ ಕಲಸಿಕೊಂಡು ಹೇಳುತ್ತಿದ್ದಳು. ಒಂದು ಸಂಜೆ ನನ್ನ ಕುತ್ತಿಗೆ ಹಿಡಿದು, ಇಲ್ಲಿ ಹನ್ನೆರಡು ಎಂದಳು. ಕುತ್ತಿಗೆಯಲ್ಲಿ ಹನ್ನೆರಡು ಎಲುಬಿದ್ದರೆ ನಾನು ಒಂಟೆಯಾಗಿರುತ್ತಿರಲಿಲ್ಲವೇ?

"ವಾರಕ್ಕ ಏಳು, ವರ್ಷಕ್ಕ ಹನ್ನೆರಡು, ಕೈಗೆ ಐದು. ಕುತ್ತಿಗಿ, ಬೆನ್ನು, ಟೊಂಕ. ಇಷ್ಟು ನೆನಪಿರಂಗಿಲ್ಲೇನ್ಲೇ ನಿನಗ?" ಎಂದೆ.

ಅವಳು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು. ತಿಂಗಳುಗಟ್ಟಲೆ ಮಲಗಿ ಕೇಳಿದರೆ ಚಾಪೆಗೂ ಬಾಯಿಪಾಠ ಬರುತ್ತದೆ, ನನಗೆ ಬರುವುದಿಲ್ಲವೇ? ಅವಳು ಪಾಸಾಗಲಿ ಎಂದು ಹೇಳಿದ್ದಲ್ಲ, ತಪ್ಪು ತಿಳಿಯಬೇಡಿ. ಅವಳು ತಪ್ಪು ಹೇಳಿದರೆ ಅವಮಾನ ನನ್ನ ಎಲುಬಿಗಲ್ಲವೇ? ಆಮೇಲೆ ಅವಳು ಹೇಳುವುದು, ತಪ್ಪಿದಾಗ ನಾನು ಆ ಎಲುಬನ್ನೇ ಅಲ್ಲಾಡಿಸಿ ಎಚ್ಚರಿಸುವುದು, ಹೀಗೆ ನಡೆಯಿತು. ಕೆಲವು ಸಂಜೆ ನನ್ನ ಮೈಯೆಲ್ಲ ಅಲ್ಲಾಡುತ್ತಿತ್ತು, ಚಳಿಜ್ವರ ಬಂದವರ ಹಾಗೆ.

ಅದೇ ದಿನಗಳಲ್ಲಿ ನೀರಿನ ಕೊಡ ಎತ್ತುವಾಗ ನನ್ನ ಟೊಂಕವೇ ಹಿಡಿಯಿತು. ಊರನ್ನೆಲ್ಲ ಒದ್ದವಳನ್ನು ಒದೆಯುವವರು ಯಾರು? ನನ್ನ ಕಾಲು ನನ್ನ ಬೆನ್ನಿಗೆ ಎಟುಕುವುದಿಲ್ಲ, ದೇವರು ಮಾಡಿದ ದೊಡ್ಡ ತಪ್ಪು ಅದು! ಸೊಸೆ ನನ್ನನ್ನು ಬೋರಲು ಮಲಗಿಸಿ, ಹೆಬ್ಬೆರಳಿನಿಂದ ಕುತ್ತಿಗೆಯಿಂದ ಕೆಳಗೆ ಒಂದೊಂದೇ ಎಣಿಸುತ್ತ ಬಂದಳು. ವಾರ ಮುಗಿಯಿತು, ವರ್ಷ ಮುಗಿಯಿತು, ಕೈಯ ನಾಲ್ಕನೆಯ ಬೆರಳಿಗೆ ನಿಂತಳು. ಇಲ್ಲೇ ಅಲ್ಲವೇ ಎಂದು ಕೇಳಿದಳು. ಸರಿಯಾಗಿ ಅಲ್ಲೇ. ನಾನು ಅಲ್ಲ ಎಂದೆ.

"ಬಾಯಿ ಸುಳ್ಳು ಹೇಳ್ತೈತ್ರಿ ಅತ್ತಿ. ಬೆನ್ನು ಹೇಳಂಗಿಲ್ಲ."

ನನ್ನ ಕಾಲ ಹೆಬ್ಬೆರಳಿಗೆ ಗೊತ್ತಿದ್ದದ್ದು ಅವಳ ಕೈ ಹೆಬ್ಬೆರಳಿಗೂ ಗೊತ್ತಾಗಿಬಿಟ್ಟಿತ್ತು! ನಲವತ್ತು ವರ್ಷದ ವಿದ್ಯೆ ಒಂದೇ ವರ್ಷದಲ್ಲಿ! ಟೊಂಕಕ್ಕಿಂತ ಹೊಟ್ಟೆಯೇ ಹೆಚ್ಚು ಉರಿಯಿತು. ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟಳು, ಮೂರು ದಿನ ಏಳಗೊಡಲಿಲ್ಲ. ನಾಲ್ಕನೆಯ ದಿನ ಎದ್ದು ಓಡಾಡಿದೆ. ತಾನಾಗೇ ಬಿಟ್ಟಿತು ಎಂದು ಓಣಿಗೆಲ್ಲ ಹೇಳಿದೆ.

ಪರೀಕ್ಷೆ ಬರೆದಳು. ಪಾಸಾದಳು. ಮಾರ್ಕು ಎಷ್ಟೆಂದು ನಾನು ಕೇಳಲಿಲ್ಲ, ಮಗ ಮೂರು ಸಲ ಹೇಳಿದ. ಓಣಿಯವರೆಲ್ಲ ಬಂದು ನಿನ್ನ ಸೊಸೆ ಜಾಣೆ ಎಂದರು. ಎಲುಬು ಯಾರದು ಎಂದು ಒಬ್ಬರಾದರೂ ಕೇಳಬೇಕಲ್ಲ! ಈಗ ಅವಳಿಗೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳು ಸಿಕ್ಕಿದ್ದಾರೆ, ದಪ್ಪ, ತೆಳ್ಳಗೆ, ಬೇಕಾದ ಹಾಗೆ. ನನ್ನ ಚಾಪೆ ಸುತ್ತಿ ಗೋಡೆಗೆ ಒರಗಿಸಿದೆ. ಆ ರೋಗಿಗಳ ಎಲುಬು ನನ್ನಷ್ಟು ಚೊಲೋ ಕಾಣುತ್ತವೆಯೇ ಎಂದು ಒಮ್ಮೆ ಕೇಳಬೇಕೆಂದಿದ್ದೇನೆ. ಕೇಳುವುದಿಲ್ಲ.

ಪರೀಕ್ಷೆಯ ದಿನದ ಒಂದು ಮಾತು ಬಿಟ್ಟಿದ್ದೇನೆ. ಹೇಳಬಾರದೆಂದೇ ಬಿಟ್ಟಿದ್ದೆ.

ಅವತ್ತು ಬೆಳಿಗ್ಗೆ ನಾನು ಅಂಗಳದಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದೆ. ಅವಳು ಬಿಳಿ ಬಟ್ಟೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಂದು ಮುಂದೆ ನಿಂತಳು.

"ಅತ್ತಿ, ಟೊಂಕ ಹಿಡದೈತ್ರಿ. ಒದೀರಿ."

"ಒದಿಬ್ಯಾಡ ಅನ್ನಾಕಿ ನೀನು."

"ಹಿಡದೈತ್ರಿ" ಎಂದಳು ಮತ್ತೆ. ಚೀಲ ಇಳಿಸಿ, ಎಲ್ಲರೂ ನಿಲ್ಲುವ ಹಾಗೇ ಗೋಡೆ ಹಿಡಿದು, ನನಗೆ ಬೆನ್ನು ಕೊಟ್ಟು ನಿಂತಳು.

ಕಾಲು ಎತ್ತಿದವಳು ಇಳಿಸಿದೆ. ಹಿಮ್ಮಡಿ ಒಡೆದ ಕಾಲು, ಮೇಲೆ ಮಣ್ಣು, ಬೂದಿ. ಅವಳ ಬಟ್ಟೆ ನೋಡಿದರೆ ಹಾಲಿನಂಥ ಬಿಳುಪು. ನಲವತ್ತು ವರ್ಷದಲ್ಲಿ ಯಾರನ್ನೂ ಕಾಲು ತೊಳೆದು ಒದ್ದವಳಲ್ಲ ನಾನು, ಪೊಲೀಸಪ್ಪನನ್ನು ಕೂಡ. ಬಚ್ಚಲಿಗೆ ಹೋಗಿ ತೊಳೆದೆ. ಸೆರಗಿನಿಂದ ಒರೆಸಿಕೊಂಡು ಬಂದೆ.

ಹೆಬ್ಬೆರಳು ಇಟ್ಟು ಹುಡುಕಿದೆ. ವಾರವನ್ನು ಕಾಲಿಗೆ ಎಟುಕುವಷ್ಟು, ವರ್ಷವನ್ನೆಲ್ಲ, ಕೈಯ ಐದನ್ನೂ. ಎಲ್ಲಿಯೂ ಕಟ್ಟಿಗೆ ಇರಲಿಲ್ಲ. ನಾದಿದ ಹಿಟ್ಟು. ಸುಳ್ಳಿ!

ಮೂರು ಒದ್ದೆ, ಮೆಲ್ಲಗೆ. ಸುಳ್ಳು ಹೇಳಿಕೊಂಡು ಬಂದವರಿಗೆ ನಾಲ್ಕನೆಯದೂ ಇದೆಯಲ್ಲ, ಅದಕ್ಕೂ ಕಾಲು ಎತ್ತಿದೆ. ಒದೆಯಲಿಲ್ಲ, ಅವಳ ಬೆನ್ನ ಮೇಲೆ ಇಟ್ಟೆ. ಊರ ಮುಂದೆ ಬಸ್ಸು ಹಾರ್ನ್ ಹೊಡೆಯುವವರೆಗೂ ಒಂಟಿ ಕಾಲಲ್ಲಿ ಹಾಗೇ ನಿಂತಿದ್ದೆ.