ಮೂರು ನಿಂಬೆಹಣ್ಣಿನ ಮೇಲೆ ನಿಂತ ರಾಕೆಟ್

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ರಾಕೆಟ್ ಹಾರುತ್ತದೆ. ನೆಟ್ಟಗೆ ಮೇಲೆ ಹೋಗುತ್ತದೆ, ತುದಿ ಮುಟ್ಟಿದಾಗ ತನ್ನ ಮೂಗನ್ನು ತಾನೇ ಕಳಚುತ್ತದೆ, ಒಳಗಿನ ಪ್ಯಾರಾಶೂಟ್ ಬಿಚ್ಚಿಕೊಂಡು ಸಾವಕಾಶ ಕೆಳಗಿಳಿಯುತ್ತದೆ. ಇದರಲ್ಲಿ ಯಾರಿಗೂ ಸಂಶಯ ಬೇಡ. ನಾನು ಕಣ್ಣಾರೆ ಕಂಡಿದ್ದೇನೆ. ತೊಂದರೆ ಒಂದೇ: ನಾನೊಬ್ಬನೇ ಕಂಡಿದ್ದೇನೆ!

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ಹೆಂಡತಿ ಮಹಾದೇವಿ ಕಮಲಾಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ವಾರ್ಡನ್ ಎಂದಮೇಲೆ ಹಾಸ್ಟೆಲ್ಲಿನಲ್ಲಿಯೇ ಇರಬೇಕು. ಹೀಗಾಗಿ ಖೂಬಾ ಪ್ಲಾಟಿನ ಬಾಡಿಗೆ ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ ಇಬ್ಬರೇ. ಅದರಲ್ಲೂ ಮಾತಾಡುವುದು ಗಡಿಯಾರವೇ ಜಾಸ್ತಿ. ಬೆಳಗ್ಗೆ ಹಾಲು ಕಾಯಿಸುತ್ತೇನೆ, ಉಕ್ಕಿದ್ದನ್ನು ಒರೆಸುತ್ತೇನೆ. ಸಂಜೆ ರೊಟ್ಟಿ ಕೇಂದ್ರದಿಂದ ಜೋಳದ ರೊಟ್ಟಿ ತರುತ್ತೇನೆ. ಬೇಳೆ ಮಾತ್ರ ನಾನೇ ಕುದಿಸುತ್ತೇನೆ. ಒಬ್ಬನಿಗೆಂದು ಹಾಕಿದರೂ ಅದು ಮೂವರಿಗೆ ಆಗುತ್ತದೆ. ಉಳಿದಿಬ್ಬರು ಊಟಕ್ಕೆ ಬರುವುದಿಲ್ಲವಾದ್ದರಿಂದ ಮರುದಿನವೂ ಅದೇ ಬೇಳೆ.

ನಮ್ಮ ಅಂಗಡಿಗೆ ಅಸ್ತರದ ಬಟ್ಟೆ ರಟ್ಟಿನ ಕೊಳವೆಗೆ ಸುತ್ತಿಕೊಂಡು ಬರುತ್ತದೆ. ಬಟ್ಟೆ ಮುಗಿದ ಮೇಲೆ ಆ ಕೊಳವೆಗಳು ಯಾರಿಗೂ ಬೇಡವಾಗಿ ಮೂಲೆಯಲ್ಲಿ ನಿಂತಿರುತ್ತವೆ. ನನಗೇಕೋ ಅವುಗಳ ಮೇಲೆ ಮಮತೆ ಹುಟ್ಟಿತು. ಒಂದನ್ನು ಮನೆಗೆ ತಂದೆ. ಮಾದರಿ ರಾಕೆಟ್ ಮಾಡುವುದು ಹೇಗೆಂದು ಫೋನಿನಲ್ಲಿ ನೋಡಿದೆ. ತೆಳು ಹಲಗೆ ಕತ್ತರಿಸಿ ಬಾಲಕ್ಕೆ ಮೂರು ರೆಕ್ಕೆ ಅಂಟಿಸಿದೆ, ಥರ್ಮಾಕೋಲ್ ತಿಕ್ಕಿ ತಿಕ್ಕಿ ಮೂಗು ಮಾಡಿದೆ, ಉಳಿದ ಅಸ್ತರದ ತುಂಡಿನಿಂದ ಪ್ಯಾರಾಶೂಟ್ ಹೊಲಿದೆ. ಮೋಟರ್ ಎಂಬುದು ಮದ್ದು ತುಂಬಿದ ಬೆರಳುದ್ದದ ಕಾಗದದ ನಳಿಗೆ; ಅದು ತಯಾರಾಗಿಯೇ ಪಾರ್ಸೆಲ್‌ನಲ್ಲಿ ಬರುತ್ತದೆ. ಬ್ಯಾಟರಿಗೆ ವಾಯರ್ ಜೋಡಿಸಿ ದೂರದಿಂದ ಗುಂಡಿ ಒತ್ತಬೇಕು, ಅಷ್ಟೇ.

ಎದುರು ಮನೆಯ ಶಾಂತಾಬಾಯಿ ದಿನಾ ಕಸ ಗುಡಿಸುವಾಗ ನನ್ನ ಕಟ್ಟೆಯ ಕಡೆ ನೋಡಿ ಕೇಳುತ್ತಿದ್ದರು.

“ಮುನೀಮರ, ದೀಪಾಳಿ ಇನ್ನಾ ದೂರ ಅದ. ಈಗಿಂದನ ಪಟಾಕಿ ಮಾಡಾಕತ್ತೀರಲ್ಲ?”

“ಇದು ಪಟಾಕಿ ಅಲ್ರಿ ಬಾಯಿ. ಇದು ವಿಜ್ಞಾನ.”

“ಆಯ್ತು, ವಿಜ್ಞಾನ ಸುಡೂ ಮುಂದ ಜರಾ ಹೇಳ್ರಿ. ಹಪ್ಪಳ ಒಣಾಕ ಹಾಕೀನಿ.”

ವಾರದ ರಜೆಯಾದ ಐತವಾರ ಕೋಟನೂರಿನ ಆಚೆ ಬಯಲಿಗೆ ಹೋಗಿ ರಾಕೆಟ್ ಬಿಡುತ್ತಿದ್ದೆ. ಅದು ಮೇಲೇರಿದಾಗ ಮನುಷ್ಯನಿಗೆ ಒಂದು ಸ್ವಭಾವ ಇದೆ ನೋಡಿ, ಪಕ್ಕಕ್ಕೆ ತಿರುಗಿ “ನೋಡಿದ್ಯಾ?” ಎನ್ನಬೇಕೆನಿಸುತ್ತದೆ. ನನ್ನ ಪಕ್ಕದಲ್ಲಿ ಜಾಲಿಗಿಡ ಇರುತ್ತಿತ್ತು. ಒಂದೆರಡು ಸಲ ಅದಕ್ಕೇ ಕೇಳಿದ್ದೇನೆ. ಫೋನನ್ನು ಕಲ್ಲಿಗೆ ಆನಿಸಿ ವಿಡಿಯೋ ಮಾಡಿ ಮಹಾದೇವಿಗೆ ಕಳಿಸಿದೆ. ಅದರಲ್ಲಿ ಮೊದಲು ಹೊಗೆ, ಆಮೇಲೆ ಖಾಲಿ ಆಕಾಶ, ಕೊನೆಗೆ ನಾನು ಓಡುವ ಸಪ್ಪಳ.

“ನೋಡಿದೆರಿ, ಚಲೋ ಅದ,” ಎಂದಳು. “ಊಟ ಆತೇನು?”

ಆಕೆಯ ದನಿಯಲ್ಲಿ ಹಾಸ್ಟೆಲ್ಲಿನ ಹುಡುಗಿಯರು ಗೋಡೆಗೆ ಬರೆದ ಚಿತ್ರಕ್ಕೆ ಹೇಳುವ ‘ಚಲೋ ಅದ’ ಇತ್ತು. ನನಗೆ ಅದು ಸಾಲಲಿಲ್ಲ. ಜೀವನದಲ್ಲಿ ಒಂದು ಸಲವಾದರೂ ಆಕೆ ನನ್ನ ಪಕ್ಕ ನಿಂತು, ಕುತ್ತಿಗೆ ಎತ್ತಿ, ಅದು ಮೇಲೆ ಹೋಗುವುದನ್ನು ನೋಡಬೇಕು. ಬಹುಮಾನ ಬೇಡ, ಶಾಲು ಬೇಡ. ನೋಡಿದರೆ ಸಾಕು.

ಒಂದು ದಿನ ಆಕೆಯೇ ಫೋನ್ ಮಾಡಿದಳು.

“ಈ ಐತವಾರ ನಿಮ್ಮ ರಾಕೆಟ್ ಇಲ್ಲೇ ತರ್ರಿ. ಹಾಸ್ಟೆಲ್ ಹಿಂದ ಬಸವಂತರಾವ್ ಕಾಕಾರ ಹೊಲ ಹರಗಿ ಖಾಲಿ ಬಿಟ್ಟಾರ. ಎಲ್ಲಾರಿಗೂ ಹೇಳೀನಿ.”

“ಏನಂತ ಹೇಳಿದಿ?”

“ನಮ್ಮ ಮನಿಯವರು ರಾಕೆಟ್ ಬಿಡ್ತಾರಂತ.”

ಫೋನಿಟ್ಟ ಮೇಲೆ ಆ ಸಂತೋಷದಲ್ಲಿ ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಅಷ್ಟೂ ಬೇಳೆಯನ್ನು ನಾನೇ ಉಂಡೆ!

ಈ ಸಂದರ್ಭಕ್ಕೆಂದೇ ಉದ್ದನೆಯ ಹೊಸ ರಾಕೆಟ್ ಕಟ್ಟಿದೆ. ಹಳದಿ ಬಣ್ಣ ಬಳಿದು ಮೇಲೆ ‘ಮಹಾದೇವಿ’ ಎಂದು ಬರೆದು ಫೋಟೋ ಕಳಿಸಿದೆ. ತಕ್ಷಣ ಉತ್ತರ ಬಂತು. “ಮೊದಲು ನನ್ನ ಹೆಸರು ಅಳಸ್ರಿ. ಬಿದ್ದರ ಮಂದಿ ಏನಂತಾರ?” ಅಳಿಸಿದೆ.

ಐತವಾರ ಬೆಳಗ್ಗೆ ರಾಕೆಟ್ಟಿಗೆ ಹಳೆ ಚಾದರ ಸುತ್ತಿ, ಸ್ಕೂಟರಿನ ಹಿಂದಿನ ಸೀಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ನನ್ನ ಬೆನ್ನಿಗೇ ಕಟ್ಟಿಕೊಂಡು ಹೊರಟೆ. ಕಮಲಾಪುರದ ರಸ್ತೆಯಲ್ಲಿ ಒಂದು ಚಹಾದ ಹೋಟೆಲ್ ಮುಂದೆ ನಿಂತಾಗ ಹೋಟೆಲಿನವನು ಬಗ್ಗಿ ನೋಡಿ ಕೇಳಿದ.

“ಹಿಂದ ಕುಂತಾರಲ್ರಿ, ಅವರಿಗೂ ಒಂದ್ ಚಾ ಕೊಡ್ಲೇನು?”

ಆ ಸೀಟಿನ ಮೇಲೆ ಯಾರಾದರೂ ಕುಳಿತು ಬಹಳ ದಿನವಾಗಿತ್ತು. ಬೇಡ ಎಂದು ಹೇಳಲು ಸ್ವಲ್ಪ ತಡವಾಯಿತು. ಆತ ಚಹಾ ತಂದೇ ಬಿಟ್ಟ. ಎರಡೂ ನಾನೇ ಕುಡಿದೆ.

ಹೊಲದಲ್ಲಿ ಜನ ನೆರೆದಿದ್ದರು. ಹಾಸ್ಟೆಲ್ಲಿನ ಹುಡುಗಿಯರೆಲ್ಲ ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಮಹಾದೇವಿ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ಅದನ್ನು ಕಂಡು ನಾನೂ ಕೂದಲು ಒಪ್ಪ ಮಾಡಿಕೊಂಡೆ. ನಾನು ಕಬ್ಬಿಣದ ಸಲಾಕೆಯನ್ನು ಎರೆಮಣ್ಣಿನಲ್ಲಿ ನೆಟ್ಟಗೆ ನೆಟ್ಟೆ, ರಾಕೆಟ್ಟನ್ನು ಅದಕ್ಕೆ ಪೋಣಿಸಿದೆ, ವಾಯರ್ ಎಳೆದೆ, ಪಕ್ಕಕ್ಕೆ ಒಂದು ಬಕೆಟ್ ನೀರಿಟ್ಟೆ. “ಎಲ್ಲಾರೂ ದೂರ ಸರೀರಿ!” ಎಂದು ಗಂಭೀರವಾಗಿ ಆಜ್ಞಾಪಿಸಿದೆ.

ಎಲ್ಲರೂ ದೂರ ಸರಿದರು. ಬಸವಂತರಾವ್ ಕಾಕಾ ಒಬ್ಬರೇ ಹತ್ತಿರ ಬಂದರು. ಅವರ ಕೈಯಲ್ಲಿ ತಟ್ಟೆ ಇತ್ತು. ತಟ್ಟೆಯಲ್ಲಿ ವಿಭೂತಿ, ಕುಂಕುಮ, ತೆಂಗಿನಕಾಯಿ, ಚೆಂಡುಹೂವಿನ ಹಾರ, ನಿಂಬೆಹಣ್ಣು!

“ಅಳಿಯಾ ಸಾಹೇಬ್ರ, ಪೂಜಿ ಆಗ್ಲಾರದ ನಮ್ಮ ಹೊಲದಾಗ ಬಾವಿ ಮೋಟರ್ ಸುದ್ದಾ ಚಾಲೂ ಮಾಡಂಗಿಲ್ರಿ,” ಎಂದರು. ವಾರ್ಡನ್ ಬಾಯಿಯನ್ನು ಮಗಳೆಂದು ಕರೆಯುವ ಹಿರಿಯರು. ನಾನು ಸಹಜವಾಗಿಯೇ ಅಳಿಯ.

“ಕಾಕಾ, ಇದು ಭಾಳ ಹಗುರ ಇರ್ತದ್ರಿ. ಏನೂ ಕಟ್ಟಬಾರದು.”

“ಹೊಸಾ ಗಾಡಿ ಬೋಳ ಬಿಡತಾರೇನ್ರಿ ಯಾರರ?”

ನಾನು ಮಹಾದೇವಿಯ ಕಡೆ ನೋಡಿದೆ. ಆಕೆ ಹಲ್ಲು ಕಚ್ಚಿ ಮೆಲ್ಲಗೆ, “ಹೊಲ ಅವರದರಿ,” ಎಂದಳು. ಅಲ್ಲಿಗೆ ವಿಜ್ಞಾನ ಮುಗಿಯಿತು.

ರಾಕೆಟ್ಟಿಗೆ ಮೂರು ಬೆರಳಿನ ವಿಭೂತಿ ಬಿತ್ತು. ಕುಂಕುಮ ಬಿತ್ತು. ಆಮೇಲೆ ಕಾಕಾ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ದಾರ ಹಿಡಿದು ಯೋಚನೆಗೆ ಬಿದ್ದರು.

“ಗಾಡಿಗಿ ಮುಂದ ಕಟ್ಟತೀವಿ. ಇದಕ್ಕ ಮುಂದ ಯಾವದ್ರಿ?”

“ಮ್ಯಾಲಿನ ಮೂಗು, ಕಾಕಾ. ಆದ್ರ ಅಲ್ಲಿ ಕಟ್ಟಬ್ಯಾಡ್ರಿ, ಮೂಗು ಕಳಚೂದಿಲ್ಲ, ಪ್ಯಾರಾಶೂಟ್ ಹೊರಗ ಬರೂದಿಲ್ಲ,” ಎಂದು ನಾನು ಎಲ್ಲರಿಗೂ ಕೇಳುವಂತೆ ಪಾಠ ಹೇಳಿದೆ. “ಕೆಳಗ ಬಾಲಕ್ಕ ಕಟ್ರಿ.”

ಓದುಗರು ಗಮನಿಸಬೇಕು. ರಾಕೆಟ್ ವಿದ್ಯೆಯ ಮೊದಲ ಪಾಠವೇ ಇದು: ಭಾರ ಮೂಗಿನ ಕಡೆ ಇರಬೇಕು, ಬಾಲ ಹಗುರಾಗಿರಬೇಕು; ಬಾಲ ಭಾರವಾದರೆ ರಾಕೆಟ್ಟಿಗೆ ದಿಕ್ಕು ತಪ್ಪುತ್ತದೆ. ಇದು ನನಗೆ ಗೊತ್ತಿತ್ತು. ಕಟ್ಟುವಾಗ ದಾರಕ್ಕೆ ತೂಗುಹಾಕಿ ಎಷ್ಟೋ ಸಲ ನೋಡಿದ್ದೆ. ಆದರೆ ಅಷ್ಟು ಜನ ನನ್ನ ಮಾತನ್ನು ತಲೆಯಾಡಿಸಿ ಕೇಳಿದ್ದು ಎಷ್ಟೋ ವರ್ಷಗಳ ನಂತರ! ಆ ಖುಷಿಯಲ್ಲಿ ಬಾಲಕ್ಕೆ ನಿಂಬೆಹಣ್ಣನ್ನು ನಾನೇ ಗಂಟು ಹಾಕಿದೆ. ಹಾರವನ್ನೂ ಅಲ್ಲಿಯೇ ಸುತ್ತಿದೆ.

ಕಾಕಾರಿಗೆ ಇನ್ನೂ ಸಮಾಧಾನವಾಗಲಿಲ್ಲ. ಹೊಸ ಗಾಡಿಯ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಬೇಕಲ್ಲ?

“ಇದಕ್ಕ ಗಾಲಿ ಇಲ್ಲ ಕಾಕಾ!”

“ಕಾಲ ಅವಲ್ಲ, ಮೂರು?” ಎಂದು ಒಂದೊಂದು ರೆಕ್ಕೆಯ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. ನನ್ನ ರಾಕೆಟ್ ಮೂರು ನಿಂಬೆಹಣ್ಣಿನ ಮೇಲೆ, ನೆಗಡಿಯಾದ ಮದುಮಗನಂತೆ ಒಂದು ಕಡೆ ವಾಲಿಕೊಂಡು ನಿಂತಿತು. ಕಾಯಿ ಒಡೆದರು. ನೀರು ಸಲಾಕೆಯ ಬುಡಕ್ಕೂ ವಾಯರಿಗೂ ಸಮನಾಗಿ ಹಂಚಿಕೆಯಾಯಿತು.

ಕೊನೆಗೆ ಕಾಕಾ ಕರ್ಪೂರ ಹಚ್ಚಿದರು. “ಹೆಂಗೂ ಬೆಂಕಿ ಹಚ್ಚೂದದಲ್ಲ, ಇದರಿಂದನ ಹಚ್ಚಿಬಿಡ್ಲೇನು?”

“ಬ್ಯಾಡ್ರಿ!” ಎಂದು ನಾನು ಕಿರುಚಿದ ರಭಸಕ್ಕೆ ಕರ್ಪೂರವೇ ಆರಿಹೋಯಿತು.

ಎಲ್ಲರನ್ನೂ ಮತ್ತೆ ದೂರ ಕಳಿಸಿ ಗುಂಡಿ ಹಿಡಿದು ಕೂತೆ. ಹುಡುಗಿಯರು ಪದ್ಧತಿಯ ಪ್ರಕಾರ ಐದರಿಂದ ಕೆಳಗೆ ಎಣಿಸಲು ಶುರುಮಾಡಿದರು. ಕಾಕಾ ರಾಶಿ ಅಳೆದ ಅಭ್ಯಾಸದಿಂದ ಒಂದರಿಂದ ಮೇಲಕ್ಕೆ ಎಣಿಸತೊಡಗಿದರು. ಇಬ್ಬರೂ ಮೂರರ ಹತ್ತಿರ ಭೇಟಿಯಾದರು. ನಾನು ಗಾಬರಿಯಲ್ಲಿ ಅಲ್ಲಿಯೇ ಒತ್ತಿಬಿಟ್ಟೆ.

ಏನೂ ಆಗಲಿಲ್ಲ.

ಬದುವಿನ ಕಡೆಯಿಂದ ಯಾರೋ “ಪೂಜಿ ಕಮ್ಮಿ ಆತು,” ಎಂದರು. ಬ್ಯಾಟರಿ ಬಿಡಿಸಿ, ಸ್ವಲ್ಪ ಹೊತ್ತು ಕಾದು, ವಾಯರ್ ಒರೆಸಿ, ಮೋಟರಿಗೆ ಕಿಡಿ ಹಚ್ಚುವ ಹೊಸ ತಂತಿ ಜೋಡಿಸಿದೆ. ಕಾಯಿನೀರು ಕುಡಿದ ಎರೆಮಣ್ಣು ಅಷ್ಟರಲ್ಲಿ ಮೆತ್ತಗಾಗಿ ಸಲಾಕೆ ಪಕ್ಕದಲ್ಲಿದ್ದ ಕಾಕಾರ ಬಾಳೆತೋಟದ ಕಡೆ ವಾಲಿತ್ತು. ನನ್ನ ಕಣ್ಣು ಮಾತ್ರ ಮಹಾದೇವಿಯ ಮೇಲಿತ್ತು. ಆಕೆ ಕೈಯನ್ನು ಹಣೆಗೆ ಅಡ್ಡ ಹಿಡಿದು ಆಗಲೇ ಮೇಲೆ ನೋಡುತ್ತಿದ್ದಳು. ಇನ್ನೇನು ಬೇಕು? ಒತ್ತಿದೆ!

ಸುರ್ ಎಂದು ಎದ್ದಿತು. ಬೇವಿನ ಮರದ ಎತ್ತರಕ್ಕೆ ಹೋಗಿ ಬಾಲದ ಭಾರಕ್ಕೆ ನಡು ಬಳುಕಿಸಿ, ಹಾರ ಗಿರಗಿರ ತಿರುಗಿಸುತ್ತ, ಚೆಂಡುಹೂವಿನ ಎಸಳು ಉದುರಿಸುತ್ತ, ಮೆರವಣಿಗೆ ಹೊರಟಂತೆ ಅಡ್ಡಡ್ಡ ಸಾಗಿತು. ಯಾರೂ ಇಲ್ಲದ ಬಾಳೆತೋಟದೊಳಗೆ ನುಗ್ಗಿತು. ನಾವು ಓಡಿಹೋಗಿ ನೋಡಿದರೆ ಅದು ಒಂದು ಕೆಂಪು ಬಾಳೆಯ ಗೊನೆಗೆ ಮೂಗು ತುರುಕಿ ನಿಂತಿತ್ತು. ಒಳಗಿನಿಂದ ಪ್ಯಾರಾಶೂಟ್ ಬಿಚ್ಚಿಕೊಂಡು ಇಡೀ ಗೊನೆಗೆ ಸೆರಗು ಹೊದಿಸಿತ್ತು. ಮೂಗು ಕಳಚಿತ್ತು ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು!

ಕಾಕಾ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ನನ್ನ ಬೆನ್ನು ಚಪ್ಪರಿಸಿದರು.

“ವಾಹ್ ಅಳಿಯಾ ಸಾಹೇಬ್ರ, ಏನ್ ನಿಶಾನಿರಿ! ಇಷ್ಟ ಗೊನಿ ಒಳಗ ಬರೋಬ್ಬರಿ ಬಲತಿದ್ದ ಗೊನಿನ ಹಿಡೀತಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ರಾಕೆಟ್ಟಿನ ಕೆಲಸವೇ ಬಾಳೆಗೊನೆ ಹುಡುಕುವುದು ಎಂದು ಕಮಲಾಪುರದಲ್ಲಿ ಅಂದು ನಿರ್ಧಾರವಾಯಿತು. ಆ ಚಪ್ಪಾಳೆಯ ನಡುವೆ ನಿಂತಾಗ, ಜಾಲಿಗಿಡದ ಪಕ್ಕ ನಿಂತಾಗ ಅನಿಸಿದ್ದಕ್ಕಿಂತ ಹೆಚ್ಚು ಒಂಟಿ ಅನಿಸಿತು. ಅಷ್ಟೊಂದು ಕಣ್ಣುಗಳಿದ್ದವು, ಆದರೆ ನೋಡಬೇಕಾದದ್ದನ್ನು ಒಬ್ಬರೂ ನೋಡಿರಲಿಲ್ಲ.

ಜನ ಚದುರಿದ ಮೇಲೆ ಮಹಾದೇವಿ ಹತ್ತಿರ ಬಂದಳು.

“ಇಷ್ಟೇನ್ರಿ? ಮ್ಯಾಲ ಹೋಗೂದಿಲ್ಲೇನು ಅದು?”

“ಹೋಗತದ,” ಎಂದೆ. “ಯಾರೂ ಇರಲಾರದಾಗ ಹೋಗತದ.”

ಆಕೆ ನನ್ನ ಅಂಗಿಗೆ ಹತ್ತಿದ್ದ ಕುಂಕುಮ ಜಾಡಿಸಿದಳು, ಅದು ಇನ್ನಷ್ಟು ಹರಡಿತು. ಮಧ್ಯಾಹ್ನ ಆಕೆಗೆ ಹಾಸ್ಟೆಲ್ಲಿನ ಊಟ ಬಡಿಸುವ ಕೆಲಸ. ನಾನು ಕೆಂಪು ಬಾಳೆಯ ಒಂದು ಚಿಪ್ಪನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಕಲಬುರಗಿಗೆ ಬಂದೆ.

ಮುಂದಿನ ಐತವಾರ ಮುರಿದ ರೆಕ್ಕೆ ಸರಿಮಾಡಿಕೊಂಡು ಮತ್ತೆ ಕೋಟನೂರಿನ ಬಯಲಿಗೆ ಹೋದೆ. ಈ ಸಲ ನನ್ನ ಹತ್ತಿರ ಭದ್ರವಾದ ಯೋಜನೆ ಇತ್ತು. ಮಹಾದೇವಿಗೆ ವಿಡಿಯೋ ಕಾಲ್ ಮಾಡಿದೆ. ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಗುಂಡಿ. ಪೂಜೆ ಇಲ್ಲ, ಹಾರ ಇಲ್ಲ, ಗಾಳಿಯೂ ಇಲ್ಲ.

“ರೀ... ರೀ, ಕ್ಯಾಮೆರಾ...” ಎಂದಳು.

“ಈಗ ಮಾತಾಡಬ್ಯಾಡ! ಸುಮ್ಮನ ನೋಡು!” ಎಂದು ಒತ್ತಿಬಿಟ್ಟೆ.

ಅಬ್ಬಾ! ಪಟ್ಟಿ ಇಟ್ಟು ಗೆರೆ ಎಳೆದಂತೆ ಹೋಯಿತು. ಹೋಯಿತು, ಹೋಯಿತು, ಸಾಸಿವೆ ಕಾಳಷ್ಟಾಯಿತು. ತುದಿಯಲ್ಲಿ ಪುಟ್ಟದೊಂದು ಬಿಳಿ ಹೂವು ಅರಳಿತು. ಬಿಸಿಲಿನಲ್ಲಿ ತೂಗುತ್ತ ತೂಗುತ್ತ ಇಳಿಯಿತು. ಅಷ್ಟು ಚೆಂದ ಅದು ಹಿಂದೆಂದೂ ಹಾರಿರಲಿಲ್ಲ.

“ನೋಡಿದ್ಯಾ?” ಎಂದು ಕೂಗಿದೆ.

“ನೋಡಿದೆ.”

“ಪೂರಾ ನೋಡಿದ್ಯಾ? ಮೂಗು ಕಳಚಿದ್ದು?”

“ಮೂಗು ಭಾಳ ಚೆಂದ ಕಂಡ್ತು. ಎರಡೂ ಹೊಳ್ಳಿ ಕಂಡ್ವು. ಕ್ಯಾಮೆರಾ ನಿಮ್ಮ ಕಡೆ ಅದರಿ! ಹೇಳಾಕ ಹೋದ್ರ ಸುಮ್ಮನಿರು ಅಂದ್ರಿ.”

ನಾನು ಬಯಲಿನಲ್ಲಿ ಕುಸಿದು ಕೂತೆ.

“ಆದ್ರ ಮ್ಯಾಲ ಹೋತುರಿ,” ಎಂದಳು. “ಖರೇನ ಭಾಳ ಮ್ಯಾಲ ಹೋತು.”

“ನಿನಗ ಹೆಂಗ ಗೊತ್ತು?”

“ನಿಮ್ಮ ಮಾರಿ ನೋಡಾಕತ್ತಿದ್ನಲ್ಲ. ಗದ್ದ ಏರಿಕೋತ ಏರಿಕೋತ ಹೋತು, ಬಾಯಿ ತೆರೀತು, ಆಮ್ಯಾಲ ಕಣ್ಣು ಸಾವಕಾಶ ಇಳದ್ವು. ಅಷ್ಟ ಖುಷಿಲೆ ನಿಮ್ಮನ್ನ ನೋಡಿ ಎಷ್ಟ ದಿನಾ ಆಗಿತ್ತು.”

ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಆಕೆಯೇ ಮುಂದುವರಿಸಿದಳು.

“ಮತ್ತ ಇನ್ನೊಂದರಿ. ಬಲಗಡಿ ದವಡಿ ಹಲ್ಲು ಹುಳುಕಾಗ್ಯದ. ಅಂಗಡಿಗಿ ಹೋಗೂ ಮುಂದ ಡಾಕ್ಟರಿಗಿ ತೋರಸ್ರಿ.”

ಆಕಾಶ ಮುಟ್ಟಿ ಬಂದ ನನ್ನ ರಾಕೆಟ್ಟಿನಿಂದ ಭೂಮಿಗೆ ದೊರೆತ ವೈಜ್ಞಾನಿಕ ಮಾಹಿತಿ ಸದ್ಯಕ್ಕೆ ಇದೊಂದೇ. ಹಲ್ಲು ನಿನ್ನೆ ಕೀಳಿಸಿಕೊಂಡೆ!